ವಿಸ್ಕುಂದೆ

ನೆದರ್‌ಲ್ಯಾಂಡ್ಸಿನ ಯಾವುದೇ ಹೈಸ್ಕೂಲಿನ ವೇಳಾಪಟ್ಟಿ ನೋಡಿ, ಗಣಿತದ ಪೀರಿಯಡ್ಡಿನ ಜಾಗದಲ್ಲಿ ‘ವಿಸ್ಕುಂದೆ’ ಎಂದು ಬರೆದಿರುತ್ತದೆ. ಇಂಗ್ಲಿಷಿನ ಮ್ಯಾಥಮ್ಯಾಟಿಕ್ಸ್, ಫ್ರೆಂಚಿನ ಮತೆಮತೀಕ್, ಜರ್ಮನ್ನಿನ ಮತೆಮಟೀಕ್, ರಷ್ಯನ್ನಿನ ಮತೆಮಾತಿಕ ಇವೆಲ್ಲ ಒಂದೇ ಗ್ರೀಕ್ ತಾಯಿಯ ಮಕ್ಕಳೆಂದು ನಿಘಂಟು ತೆರೆಯದೆಯೇ ಹೇಳಬಹುದು. ಇವುಗಳ ನಡುವೆ ಡಚ್ಚರ ಮಾತು ಮಾತ್ರ ಬೇರೆ ಮನೆಯದು. ಯುರೋಪಿನಲ್ಲಿ ಗಣಿತಕ್ಕೆ ತನ್ನದೇ ಹೆಸರಿಟ್ಟುಕೊಂಡ ಏಕೈಕ ಭಾಷೆ ನಮ್ಮದು ಎಂದು ಡಚ್ಚರು ಆಗಾಗ ಹೆಮ್ಮೆಪಡುವುದುಂಟು. ಅದು ಪೂರ್ತಿ ನಿಜವಲ್ಲ. ಐಸ್‌ಲ್ಯಾಂಡಿನವರೂ ‘ಪರಿಮಾಣದ ವಿದ್ಯೆ’ ಎಂಬರ್ಥದ ತಮ್ಮದೇ ಪದವೊಂದನ್ನು ಇಟ್ಟುಕೊಂಡಿದ್ದಾರೆ. ಆದರೆ ಐಸ್‌ಲ್ಯಾಂಡ್ ಒಂದು ಮೂಲೆಯ ದ್ವೀಪ, ಹೊರಗಿನ ಪದಗಳನ್ನು ಬಾಗಿಲಲ್ಲೇ ತಡೆಯುವುದು ಅಲ್ಲಿನ ರೂಢಿ. ಡಚ್ಚರದ್ದು ಬಂದರುಗಳ ನಾಡು, ಊರೂರಿನ ಸರಕಿನ ಜೊತೆ ಊರೂರಿನ ಮಾತುಗಳನ್ನೂ ಇಳಿಸಿಕೊಂಡ ನಾಡು. ಅಂಥವರು ಇದೊಂದು ಪದವನ್ನು ಮಾತ್ರ ಮನೆಯಲ್ಲೇ ಏಕೆ ಮಾಡಿಕೊಂಡರು ಎಂಬುದು ಕೇಳಬೇಕಾದ ಪ್ರಶ್ನೆ.

ಪದವನ್ನು ಬಿಡಿಸಿದರೆ ಎರಡು ತುಂಡು. ‘ವಿಸ್’ ಎಂದರೆ ಖಚಿತ, ಅನುಮಾನವಿಲ್ಲದ್ದು. ‘ಕುಂದೆ’ ಎಂದರೆ ಅರಿವು, ಬಲ್ಲತನ. ಈಗಿನ ಡಚ್ಚಿನಲ್ಲಿ ‘ವಿಸ್’ ಒಂಟಿಯಾಗಿ ಓಡಾಡುವುದು ಕಡಿಮೆ. ‘ವಿಸ್ ಎನ್ ಜೇಕರ್’ ಎಂಬ ಜೋಡುನುಡಿಯಲ್ಲಿ, ಅಂದರೆ ನಾವು ‘ಖಂಡಿತವಾಗಿಯೂ’ ಎಂದು ಒತ್ತಿ ಹೇಳುವ ಕಡೆ, ಅದು ಉಳಿದುಕೊಂಡಿದೆ. ‘ಸಾವು ಖಚಿತ’ ಎನ್ನಬೇಕಾದಾಗಲೂ ಅದೇ ಪದ ಬರುತ್ತದೆ. ಲೋಕದಲ್ಲಿ ಅನುಮಾನವಿಲ್ಲದ್ದು ಎಂದು ಒಂದು ಭಾಷೆ ಕೊನೆಗೆ ಉಳಿಸಿಕೊಂಡದ್ದು ಸಾವು ಮತ್ತು ಗಣಿತ ಎರಡನ್ನೇ ಎಂದು ತಮಾಷೆ ಮಾಡಬಹುದು.

ಇನ್ನೂ ಕೆಳಗೆ ಅಗೆದರೆ ನಮಗೆ ಪರಿಚಿತವಾದ ಬೇರುಗಳೇ ಸಿಗುತ್ತವೆ. ‘ವಿಸ್’ ಹುಟ್ಟಿದ್ದು ಅರಿಯುವುದು, ಕಾಣುವುದು ಎಂಬರ್ಥದ ಹಳೆಯ ಇಂಡೋ-ಯುರೋಪಿಯನ್ ಧಾತುವಿನಿಂದ. ಸಂಸ್ಕೃತದಲ್ಲಿ ಅದು ‘ವಿದ್’. ವೇದ, ವಿದ್ಯೆ, ವಿದ್ವಾಂಸ ಎಲ್ಲ ಅದರ ಸಂತಾನ. ಅರಿತದ್ದಾದ್ದರಿಂದಲೇ ಅದು ಅನುಮಾನವಿಲ್ಲದ್ದು. ‘ಕುಂದೆ’ ಬಂದದ್ದು ‘ಕುನ್ನೆನ್’ ಎಂಬ ಕ್ರಿಯಾಪದದ ಕುಲದಿಂದ. ಇಂಗ್ಲಿಷಿನ ‘ಕ್ಯಾನ್’, ‘ನೋ’ ಎರಡೂ ಅದರ ದಾಯಾದಿಗಳು. ಸಂಸ್ಕೃತದಲ್ಲಿ ಆ ಧಾತು ‘ಜ್ಞಾ’. ತಿಳಿದಿರುವುದು ಮತ್ತು ಮಾಡಲು ಬರುವುದು ಎಂಬ ಎರಡು ಅರ್ಥಗಳು ಆ ಕುಲದಲ್ಲಿ ಹೆಣೆದುಕೊಂಡಿವೆ. ಇದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ‘ನಾನು ಬಲ್ಲೆ’ ಎಂದರೆ ತಿಳಿದಿದೆ, ‘ಮಾಡಬಲ್ಲೆ’ ಎಂದರೆ ಕೈಲಾಗುತ್ತದೆ. ನಮ್ಮ ‘ಬಲ್ಲೆ’ಗೂ ಡಚ್ಚರ ‘ಕುನ್ನೆನ್’ಗೂ ರಕ್ತಸಂಬಂಧವಿಲ್ಲ, ಆದರೆ ಎರಡೂ ಒಂದೇ ದಾರಿಯಲ್ಲಿ ಯೋಚಿಸಿವೆ. ‘ವಿದ್’ ಮತ್ತು ‘ಜ್ಞಾ’ ಧಾತುಗಳ ಬಂಧುಗಳು ಒಂದೇ ಪದದಲ್ಲಿ ಅಕ್ಕಪಕ್ಕ ಕೂತಿದ್ದಾರೆ ಎಂಬುದು ಆ ಪದವನ್ನು ದಿನವೂ ಬಳಸುವ ಡಚ್ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ.

ಪದ ಮೊದಲಿಗೆ ಹೀಗಿರಲಿಲ್ಲ. ಅದು ‘ವಿಸ್‌ಕೊನ್ಸ್ಟ್’ ಎಂದಿತ್ತು. ‘ಕೊನ್ಸ್ಟ್’ ಎಂದರೆ ಕಲೆ, ಆದರೆ ಹಳೆಯ ವಿಶಾಲವಾದ ಅರ್ಥದಲ್ಲಿ. ನಮ್ಮ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಹಾಡು-ಕುಣಿತದ ಜೊತೆ ಕುಶಲವಿದ್ಯೆಗಳೆಲ್ಲ ಸೇರಿದ್ದಂತೆ. ಮುಂದೆ ಆ ಪದ ಚಿತ್ರ, ಶಿಲ್ಪಗಳಿಗೆ ಮೀಸಲಾಗುತ್ತ ಬಂದಂತೆ ಗಣಿತದ ಬಾಲದಲ್ಲಿ ಅದನ್ನು ತೆಗೆದು ‘ಕುಂದೆ’ ಕೂಡಿಸಿದರು. ಆ ‘ಕುಂದೆ’ ಈಗ ಡಚ್ಚಿನ ಒಂದು ಅಚ್ಚಾಗಿಬಿಟ್ಟಿದೆ. ಪ್ರಕೃತಿಯನ್ನು ಸೇರಿಸಿದರೆ ಭೌತವಿಜ್ಞಾನ, ನಕ್ಷತ್ರಗಳನ್ನು ಸೇರಿಸಿದರೆ ಖಗೋಳ, ‘ಬೇರ್ಪಡಿಸು’ ಎಂಬುದನ್ನು ಸೇರಿಸಿದರೆ ರಸಾಯನ, ನುಡಿಯನ್ನು ಸೇರಿಸಿದರೆ ಭಾಷಾವಿಜ್ಞಾನ. ಅಳತೆಯನ್ನು ಸೇರಿಸಿದರೆ ರೇಖಾಗಣಿತ. ಗ್ರೀಕರ ‘ಜಿಯೊಮೆಟ್ರಿ’ಯಲ್ಲಿ ಭೂಮಿಯೂ ಇದೆ, ಅಳತೆಯೂ ಇದೆ, ಡಚ್ಚರು ಭೂಮಿಯನ್ನು ಬಿಟ್ಟು ಅಳತೆಯನ್ನಷ್ಟೇ ಇಟ್ಟುಕೊಂಡರು. ವರ್ಷಕ್ಕೊಮ್ಮೆ ನೀರಿಗೆ ಹೋಗುವ ಭೂಮಿಯನ್ನು ನಂಬಲಾಗದು ಎನ್ನಿಸಿತೋ ಏನೋ.

ಅಳತೆಗೆ ‘ಮೇತ್‌ಕೊನ್ಸ್ಟ್’ ಇದ್ದಂತೆ ಗಣಿತಕ್ಕೆ ‘ವಿಸ್‌ಕೊನ್ಸ್ಟ್’ ಎಂದು ಹೆಸರಿಟ್ಟವನು ಸಿಮೊನ್ ಸ್ಟೆವಿನ್. 1548ರಲ್ಲಿ, ಈಗ ಬೆಲ್ಜಿಯಮ್ಮಿಗೆ ಸೇರಿದ ಬ್ರೂಗೆ ಊರಿನಲ್ಲಿ, ಮದುವೆಯಾಗದ ತಂದೆತಾಯಿಗಳಿಗೆ ಹುಟ್ಟಿದವನು. ಆಂಟ್‌ವರ್ಪಿನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ, ಆಮೇಲೆ ಬ್ರೂಗೆಯ ತೆರಿಗೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅದು ಸ್ಪೇನಿನ ದೊರೆಯ ವಿರುದ್ಧ ಡಚ್ ಪ್ರಾಂತ್ಯಗಳು ದಂಗೆಯೆದ್ದಿದ್ದ ಕಾಲ. ದಕ್ಷಿಣದ ಊರುಗಳಿಂದ ವರ್ತಕರು, ಮುದ್ರಕರು, ನೇಕಾರರು ಉತ್ತರಕ್ಕೆ ಗುಳೆ ಹೋಗುತ್ತಿದ್ದರು. ಸ್ಟೆವಿನ್ನನೂ 1581ರಲ್ಲಿ ಲೈಡನ್ನಿಗೆ ಬಂದ. 1583ರಲ್ಲಿ ಅಲ್ಲಿನ ಹೊಸ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಿದಾಗ ಅವನಿಗೆ ಮೂವತ್ತೈದರ ಆಸುಪಾಸು. ಲ್ಯಾಟಿನ್ ಅವನಿಗೆ ಬರುತ್ತಿತ್ತು. ರೇಖಾಗಣಿತದ ಒಂದು ಪುಸ್ತಕವನ್ನು ಅದೇ ವರ್ಷ ಲ್ಯಾಟಿನ್ನಿನಲ್ಲೇ ತಂದ. ಫ್ರೆಂಚಿನಲ್ಲೂ ಬರೆದ. ಆದ್ದರಿಂದ ಅವನು ಡಚ್ಚಿಗೆ ಬಂದದ್ದು ಬೇರೆ ದಾರಿಯಿಲ್ಲದೆ ಅಲ್ಲ, ಆರಿಸಿಕೊಂಡು. ಈ ಕತೆಯಲ್ಲಿ ಇದು ಮುಖ್ಯ.

ಅವನ ಮೊದಲ ಪುಸ್ತಕ 1582ರ ಬಡ್ಡಿ ಕೋಷ್ಟಕಗಳು. ಆವರೆಗೆ ಅಂಥ ಕೋಷ್ಟಕಗಳನ್ನು ಸಾಹುಕಾರರ ಮನೆಗಳು ಗುಟ್ಟಾಗಿಟ್ಟುಕೊಳ್ಳುತ್ತಿದ್ದವು. ಸಾಲ ಕೊಡುವವನಿಗೆ ಲೆಕ್ಕ ಗೊತ್ತು, ಸಾಲ ತರುವವನಿಗೆ ಗೊತ್ತಿಲ್ಲ. ವ್ಯಾಪಾರ ನಡೆಯುತ್ತಿದ್ದುದೇ ಆ ಅಂತರದ ಮೇಲೆ. ಗುಮಾಸ್ತನೊಬ್ಬ ಅದನ್ನು ಅಚ್ಚು ಹಾಕಿಸಿ ಬೀದಿಗೆ ತಂದ. ಮೂರು ವರ್ಷದ ಮೇಲೆ, 1585ರಲ್ಲಿ, ‘ದೆ ತೀಂದೆ’ ಎಂಬ ಸಣ್ಣ ಹೊತ್ತಗೆ ಬಂತು. ಹೆಸರಿನ ಅರ್ಥ ‘ಹತ್ತನೆಯದು’. ಭಿನ್ನರಾಶಿಗಳ ತಾಪತ್ರಯವನ್ನು ಬಿಟ್ಟು, ಹತ್ತನೇ ಒಂದು, ನೂರನೇ ಒಂದು ಎಂದು ದಶಮಾಂಶದಲ್ಲಿ ಎಲ್ಲ ಲೆಕ್ಕವನ್ನೂ ಪೂರ್ಣಾಂಕಗಳಷ್ಟೇ ಸಲೀಸಾಗಿ ಮಾಡಬಹುದು ಎಂದು ಅದು ತೋರಿಸಿಕೊಟ್ಟಿತು. ದಶಮಾಂಶವನ್ನು ಮೊದಲು ಕಂಡವನು ಅವನಲ್ಲ. ಅರಬ್ ಮತ್ತು ಪರ್ಷಿಯನ್ ಗಣಿತಜ್ಞರು ಬಹು ಹಿಂದೆಯೇ ಬಲ್ಲವರಾಗಿದ್ದರು, ಅದರ ತಳದಲ್ಲಿರುವ ಸ್ಥಾನಬೆಲೆ ಮತ್ತು ಸೊನ್ನೆ ಭಾರತದಿಂದ ಹೋದವು. ಆದರೆ ಯುರೋಪಿನ ಬಳಕೆಗೆ ಅದನ್ನು ತಂದದ್ದು ಈ ಹೊತ್ತಗೆಯೇ. ಅರ್ಪಣೆಯ ಸಾಲುಗಳನ್ನು ನೋಡಬೇಕು. ಆ ಕಾಲದ ಲೇಖಕರು ಪುಸ್ತಕವನ್ನು ದೊರೆಗೋ ಬಿಷಪ್ಪನಿಗೋ ಅರ್ಪಿಸುತ್ತಿದ್ದರು. ಸ್ಟೆವಿನ್ ನಕ್ಷತ್ರ ನೋಡುವವರಿಗೆ, ಜಮೀನು ಅಳೆಯುವವರಿಗೆ, ಕಸೂತಿ ಪರದೆಯ ಬಟ್ಟೆ ಅಳೆಯುವವರಿಗೆ, ದ್ರಾಕ್ಷಾರಸದ ಪೀಪಾಯಿ ಅಳೆಯುವವರಿಗೆ, ಟಂಕಸಾಲೆಯವರಿಗೆ, ಎಲ್ಲ ವರ್ತಕರಿಗೆ ಶುಭ ಕೋರಿದ. ಅವನ ಕಣ್ಣಮುಂದಿದ್ದ ಓದುಗರು ಲ್ಯಾಟಿನ್ ಬಾರದವರು.

ಮುಂದಿನ ವರ್ಷ, 1586ರಲ್ಲಿ, ತೂಕ ಮತ್ತು ಸಮತೋಲನದ ಶಾಸ್ತ್ರದ ಮೇಲೆ ಅವನ ದೊಡ್ಡ ಪುಸ್ತಕ ಬಂತು. ಅದರ ಆರಂಭದಲ್ಲಿ ಅವನು ಡಚ್ ನುಡಿಯ ಯೋಗ್ಯತೆಯನ್ನು ಕುರಿತ ಒಂದು ಪ್ರಬಂಧವನ್ನೇ ಸೇರಿಸಿದ. ಭೌತಶಾಸ್ತ್ರದ ಪುಸ್ತಕಕ್ಕೆ ಭಾಷಾಭಿಮಾನದ ಮುನ್ನುಡಿ! ಓದಿದರೆ ನಗುವೂ ಬರುತ್ತದೆ, ಮೆಚ್ಚಿಗೆಯೂ ಆಗುತ್ತದೆ. ಡಚ್ಚಿನಲ್ಲಿ ಒಂದೇ ಉಚ್ಚಾರಾಂಶದ ಪದಗಳು ಹೆಚ್ಚು, ಆದ್ದರಿಂದ ಅದೇ ಶ್ರೇಷ್ಠ ಎಂಬುದು ಅವನ ವಾದ. ಸುಮ್ಮನೆ ಹೇಳಲಿಲ್ಲ, ಗುಮಾಸ್ತನ ಬುದ್ಧಿ, ಎಣಿಸಿದ. ಅಂಥ ಒಂಟಿ ಉಚ್ಚಾರಾಂಶದ ಕ್ರಿಯಾಪದಗಳು ಡಚ್ಚಿನಲ್ಲಿ 742, ಲ್ಯಾಟಿನ್ನಿನಲ್ಲಿ 5 ಎಂದು ಲೆಕ್ಕ ಕೊಟ್ಟ. ಪುಟಗಟ್ಟಲೆ ಪಟ್ಟಿಯನ್ನೂ ಅಚ್ಚು ಹಾಕಿಸಿದ.

ಆ ಕಾಲದ ಗಾಳಿಯೇ ಹಾಗಿತ್ತು. ಆಂಟ್‌ವರ್ಪಿನ ವೈದ್ಯ ಗೊರೋಪಿಯಸ್ ಬೆಕಾನಸ್, ಈಡನ್ ತೋಟದಲ್ಲಿ ಆದಮ್ ಮಾತಾಡಿದ್ದು ತಮ್ಮ ಕಡೆಯ ಡಚ್ಚನ್ನೇ ಎಂದು 1569ರಲ್ಲಿ ದಪ್ಪ ಪುಸ್ತಕ ಬರೆದಿದ್ದ. ಅವನ ಪದವ್ಯುತ್ಪತ್ತಿಗಳು ಎಂಥವಿದ್ದವೆಂದರೆ, ಮುಂದೆ ಲೈಬ್ನಿಟ್ಸ್ ಅಂಥ ಎಳೆದಾಟಕ್ಕೆ ಅವನ ಹೆಸರಿನಿಂದಲೇ ಒಂದು ಕ್ರಿಯಾಪದ ಮಾಡಿದ. ತನ್ನ ಭಾಷೆಯೇ ಎಲ್ಲ ಭಾಷೆಗಳ ತಾಯಿ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ನಮ್ಮಲ್ಲೂ ವಾರಕ್ಕೊಬ್ಬರು ಸಿಗುತ್ತಾರೆ. ಸ್ಟೆವಿನ್ ಆ ಗಾಳಿಯನ್ನು ಸ್ವಲ್ಪ ಉಸಿರಾಡಿದವನೇ. ಆದರೆ ಅವನ ವಾದದ ಒಳಗೆ ಒಂದು ಗಟ್ಟಿ ಕಾಳಿತ್ತು. ಚಿಕ್ಕ ಪದಗಳಿದ್ದರೆ ಎರಡನ್ನು ಜೋಡಿಸಿ ಹೊಸ ಪದ ಮಾಡಬಹುದು, ಜೋಡಿಸಿದ ಮೇಲೂ ಅದು ಚಿಕ್ಕದಾಗಿಯೇ ಇರುತ್ತದೆ, ಕೇಳಿದವನಿಗೆ ತುಂಡುಗಳ ಅರ್ಥ ಕಿವಿಯಲ್ಲೇ ಬಿಡಿಸಿಕೊಳ್ಳುತ್ತದೆ. ಪಾಠ ಮಾಡುವವನು ಅರ್ಧ ವಿವರಣೆಯನ್ನು ಪದಕ್ಕೇ ಬಿಟ್ಟುಬಿಡಬಹುದು.

ಅವನು ಕಟ್ಟಿದ ಅಥವಾ ಅಳತೆಗಾರರ ಬಾಯಿಂದ ಎತ್ತಿ ಪುಸ್ತಕಕ್ಕೆ ತಂದ ಪದಗಳನ್ನು ನೋಡಿ. ಲಂಬಕ್ಕೆ ‘ಲೋದ್‌ರೆಖ್ಟ್’, ಅಂದರೆ ‘ಸೀಸ-ನೇರ’. ಗೋಡೆ ಕಟ್ಟುವವರು ದಾರಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟಾಗ ಅದು ಹೇಗೆ ನಿಲ್ಲುತ್ತದೋ ಹಾಗೆ. ವ್ಯಾಸಕ್ಕೆ ‘ನಡುಗೆರೆ’, ವೃತ್ತವನ್ನು ಮುಟ್ಟಿ ಹೋಗುವ ರೇಖೆಗೆ ‘ಮುಟ್ಟುಗೆರೆ’. ಸಮಾಂತರಕ್ಕೆ ‘ಏವನ್‌ವೈದಿಖ್’, ಅಂದರೆ ‘ಒಂದೇ ಅಗಲದ’. ಇಲ್ಲಿ ನಾನು ಸ್ವಲ್ಪ ನಿಂತೆ. ನಮ್ಮ ‘ಸಮಾಂತರ’ವೂ ಇದೇ ತಾನೆ? ಸಮ ಮತ್ತು ಅಂತರ. ‘ಸ್ಪರ್ಶಕ’ ಎಂದರೂ ಮುಟ್ಟುವುದೇ. ಒಂದೇ ಕಲ್ಪನೆ, ಒಂದೇ ಜೋಡಣೆ. ವ್ಯತ್ಯಾಸವಿರುವುದು ತುಂಡುಗಳನ್ನು ಯಾರ ಮನೆಯಿಂದ ತಂದರು ಎಂಬುದರಲ್ಲಿ. ಡಚ್ ಬಡಗಿಗೆ ‘ಒಂದೇ’ ಮತ್ತು ‘ಅಗಲ’ ಎರಡೂ ಅಡುಗೆಮನೆಯ ಮಾತುಗಳು.

ಡಿ.ಎನ್. ಶಂಕರ ಭಟ್ಟರು ಇಂಗ್ಲಿಶ್ ಪದಗಳಿಗೆ ಕನ್ನಡದ್ದೇ ಪದಗಳನ್ನು ಕಟ್ಟಿಕೊಟ್ಟು ವಾದಿಸಿದ್ದು ಹೆಚ್ಚುಕಡಿಮೆ ಇದನ್ನೇ. ಆ ವಾದಕ್ಕೆ ನಾನು ಪೂರ್ತಿ ಒಲಿದವನಲ್ಲ. ‘ಗಣಿತ’ವನ್ನೋ ‘ಸಮಾಂತರ’ವನ್ನೋ ಕಿತ್ತುಹಾಕುವ ಅಗತ್ಯ ನನಗೆ ಕಾಣುವುದಿಲ್ಲ, ಬಳಸಿ ಬಳಸಿ ಅವು ನಮ್ಮ ಕೈಯ ಬೆವರು ಹತ್ತಿದ ಪದಗಳಾಗಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ, ಸ್ಟೆವಿನ್ನನಿಗಿಂತ ನಾನೂರು ವರ್ಷ ಮೊದಲೇ, ಕನ್ನಡದಲ್ಲಿ ಗಣಿತ ಬರೆದಾಗ ಪುಸ್ತಕಕ್ಕೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಆದರೆ ನಮ್ಮ ಶಾಲಾಪಠ್ಯದ ‘ಅಭಾಗಲಬ್ಧ ಸಂಖ್ಯೆ’ಯ ಮುಂದೆ ನಿಂತ ಒಂಬತ್ತನೆಯ ತರಗತಿಯ ಮಗುವನ್ನು ನೆನೆದರೆ ಭಟ್ಟರ ಕಡೆಗೆ ವಾಲುತ್ತೇನೆ. ಆ ಪದವನ್ನು ಬಾಯಿಪಾಠ ಮಾಡಿದ ಮಕ್ಕಳೆಷ್ಟು, ಅದರೊಳಗೆ ‘ಭಾಗಿಸಿದರೆ ಸಿಗದ್ದು’ ಎಂಬುದು ಕೂತಿದೆ ಎಂದು ಕಂಡ ಮಕ್ಕಳೆಷ್ಟು? ಸ್ಟೆವಿನ್ನನಿಗೆ ಆ ಸಂಖ್ಯೆಗಳ ಹೆಸರಿನ ಬಗೆಗೇ ತಕರಾರಿತ್ತು. ಎಂಟರ ವರ್ಗಮೂಲವನ್ನು ಅಸಂಗತ, ವಿವೇಕಹೀನ ಎಂದೆಲ್ಲ ಕರೆಯುವುದು ತಪ್ಪು, ಅದೂ ಉಳಿದವುಗಳಂತೆ ಒಂದು ಸಂಖ್ಯೆಯೇ ಎಂದು 1585ರ ತನ್ನ ಫ್ರೆಂಚ್ ಅಂಕಗಣಿತದಲ್ಲಿ ಜಗಳವಾಡಿದ್ದಾನೆ. ಹೆಸರು ಕೆಟ್ಟದಾದರೆ ವಸ್ತುವೂ ಕೆಟ್ಟದಾಗಿ ಕಾಣುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಅವನ ಎಲ್ಲ ಪದಗಳೂ ಬದುಕಲಿಲ್ಲ. ‘ಥಿಯರಿ’ಗೆ ಅವನು ‘ಕನ್ನಡಿಯಲ್ಲಿ ಕಾಣುವಿಕೆ’ ಎಂಬರ್ಥದ ‘ಸ್ಪೀಖೆಲಿಂಗ್’ ಎಂಬ ಚೆಂದದ ಪದ ತಂದ. ‘ಪ್ರ್ಯಾಕ್ಟೀಸ್’ಗೆ ‘ಕೃತ್ಯ’ ಎಂಬರ್ಥದ ‘ದಾತ್’. ಇಂದಿನ ಡಚ್ಚರು ಆ ಎರಡಕ್ಕೂ ಗ್ರೀಕ್ ಮೂಲದ ಪದಗಳನ್ನೇ ಹೇಳುತ್ತಾರೆ. ತರ್ಕಶಾಸ್ತ್ರಕ್ಕೆ ಅವನಿಟ್ಟ ‘ಸಾಧಿಸಿ ತೋರಿಸುವ ಕಲೆ’ಯೂ ಹೋಯಿತು. ಪದ ಕಟ್ಟುವುದು ಒಬ್ಬನ ಕೆಲಸ, ಉಳಿಸುವುದು ಅವನ ಕೈಯಲ್ಲಿಲ್ಲ.

‘ವಿಸ್‌ಕೊನ್ಸ್ಟ್’ ಏಕೆ ಉಳಿಯಿತು? ನನಗನ್ನಿಸುವಂತೆ, ಅದು ಅನುವಾದವಲ್ಲದ್ದರಿಂದ. ಗ್ರೀಕ್ ‘ಮಾಥೇಮ’ ಎಂದರೆ ‘ಕಲಿತದ್ದು’. ಅದನ್ನೇ ಡಚ್ಚಿಗೆ ತಿರುಗಿಸಿದ್ದರೆ ‘ಕಲಿಕೆಯ ಕಲೆ’ ಎಂಬ ಸಪ್ಪೆ ಪದ ಆಗುತ್ತಿತ್ತು. ಸ್ಟೆವಿನ್ ಗ್ರೀಕ್ ಪದವನ್ನು ಬದಿಗಿಟ್ಟು ವಸ್ತುವನ್ನೇ ನೋಡಿದ. ಉಳಿದ ವಿದ್ಯೆಗಳಲ್ಲಿ ಒಬ್ಬ ಗುರು ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯಬಹುದು. ಇಲ್ಲಿ ಸಾಧಿಸಿ ತೋರಿಸಿದ ಮೇಲೆ ಅನುಮಾನಕ್ಕೆ ಎಡೆಯಿಲ್ಲ. ಆದ್ದರಿಂದ ಇದು ‘ಖಚಿತದ ಕಲೆ’. ಹೆಸರಿನೊಳಗೇ ಒಂದು ಹಕ್ಕೊತ್ತಾಯವಿದೆ. ಧರ್ಮದ ಹೆಸರಿನಲ್ಲಿ ನೆರೆಹೊರೆಯವರು ಕೊಂದಾಡುತ್ತಿದ್ದ ಆ ದಶಕಗಳಲ್ಲಿ, ಯಾರೂ ಜಗಳವಾಡಲಾಗದ ವಿದ್ಯೆಯೊಂದಿದೆ ಎನ್ನುವುದು ಸಣ್ಣ ಮಾತಲ್ಲ. ಆ ಹಕ್ಕೊತ್ತಾಯದ ಬುಡ ಅಲ್ಲಾಡಿದ್ದು ಕೂಡ ಡಚ್ಚಿನಲ್ಲೇ ಎಂಬುದು ಬೇರೆ ಮಾತು. 1907ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬ್ರೌವರ್ ಎಂಬ ತರುಣ, ‘ವಿಸ್ಕುಂದೆ’ಯ ತಳಹದಿಗಳನ್ನು ಕುರಿತು ಡಚ್ಚಿನಲ್ಲೇ ಡಾಕ್ಟರೇಟ್ ಪ್ರಬಂಧ ಬರೆದ. ಮರುವರ್ಷವೇ, ಗಣಿತ ಆತುಕೊಂಡಿದ್ದ ತರ್ಕದ ನಿಯಮಗಳನ್ನು ಎಲ್ಲ ಕಡೆಯೂ ನಂಬಲಾಗದು ಎಂದು ಇನ್ನೊಂದು ಲೇಖನ ಬರೆದು ಯುರೋಪಿನ ಗಣಿತಜ್ಞರ ನಿದ್ದೆ ಕೆಡಿಸಿದ.

ಸ್ಟೆವಿನ್ನನ ಪದ ಶಾಲೆಗೆ ಬಂದದ್ದು ಯುದ್ಧದ ದಾರಿಯಲ್ಲಿ. ದಂಗೆಯ ಸೇನಾಪತಿ ಮಾರಿಟ್ಸ್ ರಾಜಕುಮಾರ ಅವನಲ್ಲಿ ಗಣಿತ ಕಲಿಯುತ್ತಿದ್ದ. ಪಾಠದ ಹಸ್ತಪ್ರತಿಗಳನ್ನು ದಂಡಯಾತ್ರೆಗೂ ಒಯ್ಯುತ್ತಿದ್ದ. ಅವು ಕಳೆದುಹೋದಾವೆಂಬ ಭಯದಿಂದಲೇ 1605ರಿಂದ 1608ರವರೆಗೆ ‘ವಿಸ್‌ಕೊನ್ಸ್ಟಿಖೆ ಖೆದಾಖ್ಟೆನಿಸೆನ್’, ಅಂದರೆ ಗಣಿತದ ಟಿಪ್ಪಣಿಗಳು, ಎಂಬ ಹೆಸರಿನಲ್ಲಿ ಅಚ್ಚಾದವು. ಅದಕ್ಕೂ ಮೊದಲು, 1600ರಲ್ಲಿ, ಕೋಟೆ ಕಟ್ಟುವವರನ್ನೂ ಭೂಮಿ ಅಳೆಯುವವರನ್ನೂ ತಯಾರು ಮಾಡಲು ಲೈಡನ್ನಿನಲ್ಲಿ ಒಂದು ಶಾಲೆ ತೆರೆಯಿತು. ಪಠ್ಯಕ್ರಮ ಬರೆದವನು ಸ್ಟೆವಿನ್. ವಿಶ್ವವಿದ್ಯಾಲಯದಲ್ಲಿ ಉಳಿದೆಲ್ಲ ಪಾಠ ಲ್ಯಾಟಿನ್ನಿನಲ್ಲಿ, ಇದೊಂದು ಮಾತ್ರ ಡಚ್ಚಿನಲ್ಲಿ. ಕಾರಣ ಸರಳ: ಕಲಿತವರು ನಾಳೆ ಕಂದಕದಲ್ಲಿ ನಿಂತು ಕೂಲಿಯವರ ಜೊತೆ ಮಾತಾಡಬೇಕು, ಕೂಲಿಯವರು ಲ್ಯಾಟಿನ್ ಆಡುವುದಿಲ್ಲ. ಅಲ್ಲಿನ ಮೇಷ್ಟರಲ್ಲೊಬ್ಬ ಲುಡೋಲ್ಫ್ ಫಾನ್ ಕೊಯ್ಲೆನ್. ಕತ್ತಿವರಸೆ ಕಲಿಸಿ ಬದುಕುತ್ತಿದ್ದವನು, ಲ್ಯಾಟಿನ್ ಬಾರದವನು. ಆರ್ಕಿಮಿಡೀಸನನ್ನು ಗೆಳೆಯನೊಬ್ಬ ಡಚ್ಚಿಗೆ ತಿರುಗಿಸಿ ಕೊಟ್ಟ ಮೇಲೆ ಓದಿದ. ಕೊನೆಗೆ ಪೈ ಬೆಲೆಯನ್ನು 35 ದಶಮಾಂಶ ಸ್ಥಾನಗಳವರೆಗೆ ಕೈಯಲ್ಲೇ ಲೆಕ್ಕಹಾಕಿದ. 1610ರ ಕಡೆಯ ದಿನ ಸತ್ತಾಗ ಆ ಅಂಕಿಗಳನ್ನು ಲೈಡನ್ನಿನ ಚರ್ಚಿನಲ್ಲಿ ಅವನ ಗೋರಿಕಲ್ಲಿನ ಮೇಲೆ ಕೆತ್ತಿದರು. ಆ ಕಲ್ಲು ಕಳೆದುಹೋಗಿ, 2000ದಲ್ಲಿ ಹೊಸದನ್ನು ಇಟ್ಟಿದ್ದಾರೆ.

ಈ ಹಟಕ್ಕೆ ಸ್ಟೆವಿನ್ ಬೆಲೆಯನ್ನೂ ತೆತ್ತ. 1586ರ ಆ ಪುಸ್ತಕದ ಅನುಬಂಧದಲ್ಲೇ ಒಂದು ಪ್ರಯೋಗದ ವರದಿಯಿದೆ. ಅವನೂ ಅವನ ಗೆಳೆಯ, ಡೆಲ್ಫ್ಟಿನ ಯಾನ್ ಕಾರ್ನೆಟ್ಸ್ ದೆ ಖ್ರೋತ್ ಎಂಬವನೂ (ಆರ್ಕಿಮಿಡೀಸನನ್ನು ಫಾನ್ ಕೊಯ್ಲೆನ್ನನಿಗೆ ಡಚ್ಚಿಗೆ ತಂದುಕೊಟ್ಟವನು ಇವನೇ) ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಭಾರವಾದ ಎರಡು ಸೀಸದ ಗುಂಡುಗಳನ್ನು 30 ಅಡಿ ಎತ್ತರದಿಂದ ಒಟ್ಟಿಗೆ ಬಿಟ್ಟರು. ಕೆಳಗಿದ್ದ ಹಲಗೆಯ ಮೇಲೆ ಎರಡೂ ಬಿದ್ದ ಸದ್ದು ಒಂದೇ ಸದ್ದಿನಂತೆ ಕೇಳಿತು. ಭಾರದ ವಸ್ತು ಬೇಗ ಬೀಳುತ್ತದೆ ಎಂಬ ಅರಿಸ್ಟಾಟಲನ ಮಾತು ಅಲ್ಲಿಗೆ ಮುರಿಯಿತು. ಆದರೆ ಈ ಕತೆಯನ್ನು ನಾವು ಶಾಲೆಯಲ್ಲಿ ಓದಿದ್ದು ಗೆಲಿಲಿಯೋ ಹೆಸರಿನಲ್ಲಿ, ಪೀಸಾದ ವಾಲುಗೋಪುರದ ಜೊತೆ. ಗೆಲಿಲಿಯೋ ಕೂಡ ದೊಡ್ಡ ಪುಸ್ತಕಗಳನ್ನು ಬರೆದದ್ದು ತನ್ನ ಇಟಾಲಿಯನ್ನಿನಲ್ಲೇ, ಆದ್ದರಿಂದ ಮನೆಮಾತಿನಲ್ಲಿ ಬರೆದದ್ದೇ ಮರೆವಿಗೆ ಕಾರಣ ಎನ್ನಲಾಗದು. ಆದರೆ ಇಟಾಲಿಯನ್ ಓದಬಲ್ಲವರು ಯುರೋಪಿನ ಎಲ್ಲ ಆಸ್ಥಾನಗಳಲ್ಲೂ ಇದ್ದರು. ಡಚ್ ಓದುವವರು ಡಚ್ಚರೇ. ಕೊನೆಗೆ ಅವನ ‘ಟಿಪ್ಪಣಿಗಳ’ನ್ನು ವಿಲೆಬ್ರೋರ್ಡ್ ಸ್ನೆಲಿಯಸ್ ಲ್ಯಾಟಿನ್ನಿಗೆ ತಿರುಗಿಸಬೇಕಾಯಿತು. 1618ರಲ್ಲಿ, ಮಾರಿಟ್ಸನ ಸೈನ್ಯದಲ್ಲಿದ್ದ ಫ್ರೆಂಚ್ ತರುಣನೊಬ್ಬ ಬ್ರೆಡಾ ಊರಿನಲ್ಲಿ ಗೋಡೆಗೆ ಅಂಟಿಸಿದ್ದ ಡಚ್ ಗಣಿತ ಸಮಸ್ಯೆಯೊಂದನ್ನು ಓದಲಾರದೆ, ಪಕ್ಕದಲ್ಲಿದ್ದವನನ್ನು ಲ್ಯಾಟಿನ್ನಿನಲ್ಲಿ ಹೇಳೆಂದು ಕೇಳಿಕೊಂಡನೆಂದು ಕತೆಯಿದೆ. ತರುಣ ರೆನೆ ಡೆಕಾರ್ಟ್, ಪಕ್ಕದವನು ಐಸಾಕ್ ಬೇಕ್‌ಮನ್. ಗೋಡೆಯ ಸಂಗತಿ ಕಟ್ಟುಕತೆ ಇರಬಹುದು, ಭೇಟಿ ನಿಜ.

ಬೆಲೆ ಗೊತ್ತಿದ್ದೂ ಅವನು ಡಚ್ಚನ್ನು ಬಿಡಲಿಲ್ಲ. ಅದಕ್ಕೆ ಅವನು ಕೊಟ್ಟ ಕಾರಣ ಒಂಟಿ ಉಚ್ಚಾರಾಂಶಗಳ ಲೆಕ್ಕಕ್ಕಿಂತ ಎಷ್ಟೋ ತೂಕದ್ದು. ವಿದ್ಯೆ ಬೆಳೆಯಬೇಕಾದರೆ ನೋಡುವ ಕಣ್ಣುಗಳು ಬಹಳ ಬೇಕು. ಆಕಾಶವನ್ನು, ಉಬ್ಬರವಿಳಿತವನ್ನು, ಗಾಳಿಯನ್ನು ಊರೂರಿನಲ್ಲಿ ದಿನದಿನವೂ ನೋಡಿ ಬರೆದಿಡುವವರು ಬೇಕು. ಲ್ಯಾಟಿನ್ ಕಲಿತ ಬೆರಳೆಣಿಕೆಯ ಪಂಡಿತರಿಂದ ಅದು ಆಗದು. ಜನ ಆಡುವ ಮಾತಿನಲ್ಲಿ ವಿದ್ಯೆ ಸಿಕ್ಕರೆ ಮಾತ್ರ ಜನ ಅದಕ್ಕೆ ಕೈಜೋಡಿಸುತ್ತಾರೆ. ಅಂದರೆ ಜನರ ಮೇಲಿನ ಕರುಣೆಯಿಂದ ಅವನು ಜನರ ಭಾಷೆಗೆ ಬರಲಿಲ್ಲ. ವಿದ್ಯೆಗೇ ಜನರ ಅಗತ್ಯವಿದೆ ಎಂದು ಬಂದ.

ಕತೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಪದಗಳು ಹಡಗು ಹತ್ತುತ್ತವೆ. 1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಆಫ್ರಿಕದ ದಕ್ಷಿಣ ತುದಿಯ ಕೇಪ್‌ನಲ್ಲಿ ನೆಲೆಯೂರಿತು. ಅಲ್ಲಿ ಡಚ್ ವಲಸಿಗರ ಬಾಯಲ್ಲೂ, ಸ್ಥಳೀಯ ಖೋಯಿ ಜನರ ಬಾಯಲ್ಲೂ, ಮಲಬಾರು, ಬಂಗಾಳ, ಜಾವಾ, ಮಡಗಾಸ್ಕರ್ ಕಡೆಗಳಿಂದ ಗುಲಾಮರಾಗಿ ಒಯ್ದವರ ಬಾಯಲ್ಲೂ ಉರುಳಿ ಡಚ್ ಭಾಷೆ ನಿಧಾನವಾಗಿ ಆಫ್ರಿಕಾನ್ಸ್ ಆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಬಿಳಿಯರ ಸರ್ಕಾರ ತನ್ನದೆಂದು ಎತ್ತಿಕೊಂಡಿತು. ಆ ಸರ್ಕಾರದ ನೀತಿಯ ಹೆಸರೂ ಇದೇ ಕಮ್ಮಟದ್ದು: ‘ಅಪಾರ್ಟ್’ ಎಂದರೆ ಬೇರೆ, ‘ಹೈಡ್’ ಎಂದರೆ ತನ. ಬೇರೆತನ. ಚಿಕ್ಕ ಪದಗಳನ್ನು ಜೋಡಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದಿದ್ದನಲ್ಲ ಸ್ಟೆವಿನ್, ಇದೂ ಎಲ್ಲರಿಗೂ ಅರ್ಥವಾಯಿತು.

ಆಫ್ರಿಕಾನ್ಸ್‌ನಲ್ಲೂ ಗಣಿತಕ್ಕೆ ‘ವಿಸ್ಕುಂದೆ’ಯೇ. 1953ರಲ್ಲಿ ಕಪ್ಪು ಮಕ್ಕಳಿಗೆ ಬೇರೆ, ಕೀಳುದರ್ಜೆಯ ಶಿಕ್ಷಣ ಕೊಡುವ ಬಾಂಟು ಶಿಕ್ಷಣ ಕಾಯ್ದೆ ಬಂತು. ಅದರ ಹಿಂದಿದ್ದ ಮಂತ್ರಿ ಹೆಂಡ್ರಿಕ್ ಫೆರ್ವೂರ್ಡ್, ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಬಳಸಲು ಅವಕಾಶವೇ ಇಲ್ಲದ ಕಪ್ಪು ಮಗುವಿಗೆ ಗಣಿತ ಕಲಿಸಿ ಏನು ಪ್ರಯೋಜನ ಎಂದು ಅವನು ಪಾರ್ಲಿಮೆಂಟಿನಲ್ಲೇ ಕೇಳಿದ್ದ. ಪೀಪಾಯಿ ಅಳೆಯುವವನಿಗೂ ಗಣಿತ ಬೇಕೆಂದು ಕಟ್ಟಿದ ಪದ, ಕೆಲವರಿಗೆ ಗಣಿತ ಬೇಡವೆನ್ನುವವನ ಮನೆಮಾತಿನಲ್ಲಿತ್ತು. ಇಪ್ಪತ್ತು ವರ್ಷದ ಮೇಲೆ, 1974ರಲ್ಲಿ, ಬೇರೊಂದು ಆದೇಶ ಹೊರಟಿತು: ಕಪ್ಪು ಮಕ್ಕಳ ಶಾಲೆಗಳಲ್ಲಿ ಗಣಿತ, ಅಂಕಗಣಿತ ಮತ್ತು ಸಮಾಜ ಪಾಠಗಳನ್ನು ಆಫ್ರಿಕಾನ್ಸ್‌ನಲ್ಲೇ ಕಲಿಸಬೇಕು. ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಜೂಲು, ಸೋತೊ, ತ್ಸ್ವಾನ. ಶಾಲೆಯಲ್ಲಿ ಹೇಗೋ ಇಂಗ್ಲಿಷಿಗೆ ಒಗ್ಗಿಕೊಂಡಿದ್ದರು. ಕಲಿಸಬೇಕಾದ ಮೇಷ್ಟರಲ್ಲೇ ಅನೇಕರಿಗೆ ಆಫ್ರಿಕಾನ್ಸ್ ಸರಿಯಾಗಿ ಬರುತ್ತಿರಲಿಲ್ಲ. 1976ರ ಜೂನ್ 16ರ ಬೆಳಿಗ್ಗೆ ಸೊವೆಟೊದ ಶಾಲೆಗಳಿಂದ ಸಾವಿರಾರು ಮಕ್ಕಳು ಯೂನಿಫಾರ್ಮಿನಲ್ಲೇ ಬೀದಿಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಮೊದಲು ಸತ್ತವರಲ್ಲಿ ಹನ್ನೆರಡು ವರ್ಷದ ಹೆಕ್ಟರ್ ಪೀಟರ್ಸನ್ ಒಬ್ಬ. ಮುಂದಿನ ತಿಂಗಳುಗಳಲ್ಲಿ ನೂರಾರು ಜನ ಸತ್ತರು. ಜುಲೈನಲ್ಲಿ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು.

ಆ ಮಕ್ಕಳು ಗಣಿತ ಬೇಡವೆಂದವರಲ್ಲ. ಗಣಿತ ತಮಗೆ ತಿಳಿಯುವ ಮಾತಿನಲ್ಲಿ ಬೇಕೆಂದವರು. ಲೈಡನ್ನಿನ ಕಂದಕ ತೋಡುವವರ ಪರವಾಗಿ ಸ್ಟೆವಿನ್ ಕೇಳಿದ್ದೂ ಅಷ್ಟೇ. ದಕ್ಷಿಣ ಆಫ್ರಿಕದಲ್ಲಿ ಶಾಲೆ ಮುಗಿಸುವವರ ಅಂತಿಮ ಪರೀಕ್ಷೆಯ ಗಣಿತ ಪತ್ರಿಕೆ ಇವತ್ತಿಗೂ ಎರಡು ಭಾಷೆಗಳಲ್ಲಿ ತಯಾರಾಗುತ್ತದೆ, ಒಂದು ಇಂಗ್ಲಿಷು, ಇನ್ನೊಂದು ಆಫ್ರಿಕಾನ್ಸ್. ಉತ್ತರಸೂಚಿಯ ಮೊದಲ ಪುಟದಲ್ಲಿ ವಿಷಯದ ಹೆಸರು ಎರಡು ಸಲ ಇರುತ್ತದೆ, ನಡುವೆ ಒಂದು ಓರೆಗೆರೆ: ಮ್ಯಾಥಮ್ಯಾಟಿಕ್ಸ್/ವಿಸ್ಕುಂದೆ. ಜೂಲು ಮನೆಮಾತಿನ ಹುಡುಗಿ ಓರೆಗೆರೆಯ ಎಡಬದಿಯಲ್ಲಿರುವ ಭಾಷೆಯಲ್ಲಿ ಉತ್ತರ ಬರೆಯುತ್ತಾಳೆ.